ಕಲ್ಲುಕೋರೆಯ ನೀಲಿ ಅತಿಥಿ

ನಮ್ಮ ಕಡೆ ಯಾವುದಕ್ಕೂ ಉಪಯೋಗವಿಲ್ಲದ ಜಾಗ ಎಂದರೆ ಮೂರು ನಾಲ್ಕು ಬಗೆ. ಒಂದು ಪಾದೆ. ಮಳೆಗಾಲದಲ್ಲಿ ಸ್ವಲ್ಪ ಹುಲ್ಲು ಬಂದದ್ದು ಬಿಟ್ಟರೆ ಅಲ್ಲಿ ಬೇರೇನೂ ಬೆಳೆಯುವುದಿಲ್ಲ. ಇನ್ನೊಂದು, ಕಲ್ಲು ತೆಗೆದು ಮುಗಿಸಿ ಹಾಗೆಯೇ ಬಿಟ್ಟ ಕೆಂಪುಕಲ್ಲಿನ ಕೋರೆ. ಮತ್ತೊಂದು, ಹಣ ಸಾಲದೆ ಅರ್ಧಕ್ಕೆ ನಿಂತ ಮನೆ. ಕಂಬದ ಮೇಲೆ ಕಬ್ಬಿಣದ ಸರಳುಗಳು ಎದ್ದು ನಿಂತಿರುತ್ತವೆ, ಯಜಮಾನರು ಗಲ್ಫಿನಿಂದ ಮುಂದಿನ ಕಂತು ಕಳಿಸುವುದನ್ನು ಮನೆ ಕಾಯುತ್ತಿರುತ್ತದೆ. ಇಂಥ ಜಾಗಗಳನ್ನು ನಾವು ‘ವೇಸ್ಟ್ ಜಾಗ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ.

ಆದರೆ ಇಂಥ ಜಾಗಗಳನ್ನೇ ಹುಡುಕಿಕೊಂಡು ಪ್ರತಿ ವರ್ಷ ಉತ್ತರದಿಂದ ಒಂದು ಹಕ್ಕಿ ಬರುತ್ತದೆ. ತೋಟ ಬೇಡ, ಗದ್ದೆ ಬೇಡ, ದೊಡ್ಡ ಮರವೂ ಬೇಡ. ಅದಕ್ಕೆ ಬೇಕಾದದ್ದು ಒಂದು ಕಲ್ಲು, ಅದರ ಮೇಲೆ ಕೂತರೆ ಸುತ್ತ ಕಾಣುವಷ್ಟು ಬಯಲು, ರಾತ್ರಿ ಒಳಗೆ ಸೇರಿಕೊಳ್ಳಲು ಒಂದು ಸಂದು. ಇಂಗ್ಲಿಷಿನಲ್ಲಿ ಇದರ ಹೆಸರು ಬ್ಲೂ ರಾಕ್ ಥ್ರಶ್. ಕನ್ನಡದಲ್ಲಿ ನೀಲಿ ಬಂಡೆ ಸಿಳ್ಳಾರ ಎನ್ನಬಹುದು. ವಿಜ್ಞಾನಿಗಳು ಇಟ್ಟ ಹೆಸರು ಮೊಂಟಿಕೋಲ ಸೊಲಿಟೇರಿಯಸ್. ಲ್ಯಾಟಿನ್ನಿನಲ್ಲಿ ಮೊಂಟಿಕೋಲ ಎಂದರೆ ಬೆಟ್ಟದಲ್ಲಿ ವಾಸಿಸುವುದು, ಸೊಲಿಟೇರಿಯಸ್ ಎಂದರೆ ಒಂಟಿ. ಬೆಟ್ಟದ ಒಂಟಿ ಹಕ್ಕಿ. 1758ರಲ್ಲೇ ಲಿನೇಯಸ್ ಇದಕ್ಕೆ ಒಂಟಿ ಎಂಬ ಹೆಸರು ಕೊಟ್ಟಿದ್ದ. ಅಂದಿನಿಂದ ಇಂದಿನವರೆಗೆ ಕುಲದ ಹೆಸರು ಬದಲಾದರೂ ಒಂಟಿ ಎಂಬ ಮಾತು ಮಾತ್ರ ಬದಲಾಗಿಲ್ಲ.

ಶಿರ್ತಾಡಿಯಲ್ಲಿ ನಮ್ಮ ಮನೆಯ ಹಿಂದೆ, ಗುಡ್ಡೆ ಇಳಿದರೆ, ಒಂದು ಹಳೆಯ ಕೋರೆ ಇದೆ. ನಮ್ಮ ಮನೆಯ ಗೋಡೆಯ ಕಲ್ಲುಗಳೂ ಅಲ್ಲಿಂದಲೇ ಬಂದವು. ನನ್ನ ಉಪ್ಪ ಅಲ್ಲಿ ಎಂಟು ವರ್ಷ ಲಾರಿಗೆ ಕಲ್ಲು ತುಂಬುವ ಕೆಲಸ ಮಾಡಿದವರು. ನಾನು ಕಳೆದ ವರ್ಷ ಕಾಲೇಜಿನ ಲೈಬ್ರರಿಯಿಂದ ಹಕ್ಕಿಗಳ ಪುಸ್ತಕ ತಂದು ಈ ಹಕ್ಕಿಯ ಚಿತ್ರ ತೋರಿಸಿದಾಗ ಉಪ್ಪ ಕನ್ನಡಕ ಹಾಕಿಕೊಂಡು ನೋಡಿ ನಕ್ಕರು. “ಇದು ಮೇಸ್ತ್ರಿ ಅಲ್ವಾ?” ಎಂದರು. ಕೋರೆಯಲ್ಲಿ ಕೆಲಸ ಮಾಡುವವರು ಆ ಹಕ್ಕಿಗೆ ಇಟ್ಟ ಹೆಸರಂತೆ. “ಮಿಷನ್ ಓಡುವಾಗ ಹತ್ತಿರ ಬರುವುದಿಲ್ಲ. ನಾವು ಊಟಕ್ಕೆ ಕೂತ ಕೂಡಲೇ ಎಲ್ಲಿಂದಲೋ ಬಂದು ಮೇಲಿನ ಕಲ್ಲಿನಲ್ಲಿ ಕೂತ್ಕೊಳ್ತದೆ. ತಲೆ ಬಗ್ಗಿಸಿ ಬಗ್ಗಿಸಿ ನೋಡ್ತದೆ, ಎಷ್ಟು ಕಲ್ಲು ಆಯ್ತು ಅಂತ ಲೆಕ್ಕ ಮಾಡುವ ಹಾಗೆ. ಮಳೆ ಬರುವ ಮೊದಲೇ ಹೋಗ್ತದೆ.” ಪುಸ್ತಕದಲ್ಲಿ ಅರ್ಧ ಪುಟ ಬರೆದದ್ದನ್ನು ಉಪ್ಪ ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದ್ದರು.

ಹಕ್ಕಿ ನಿಜವಾಗಿ ಹಾಗೆಯೇ ಇದೆ. ಗಾತ್ರದಲ್ಲಿ ಗೊರವಂಕಕ್ಕಿಂತ ತುಸು ಚಿಕ್ಕದು. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 22 ಸೆಂಟಿಮೀಟರ್, ತೂಕ 50 ಗ್ರಾಂ ಆಸುಪಾಸು. ಕೊಕ್ಕು ಉದ್ದ ಮತ್ತು ತೆಳು. ಕಲ್ಲಿನ ತುದಿಯಲ್ಲಿ ನೆಟ್ಟಗೆ ಕೂರುತ್ತದೆ. ಆಗಾಗ ಮುಂದಕ್ಕೆ ಬಾಗಿ ನಮಸ್ಕರಿಸಿದ ಹಾಗೆ ಮಾಡುತ್ತದೆ, ಬಾಲ ಅಲುಗಿಸುತ್ತದೆ. ಕೆಳಗೆ ಮಿಡತೆಯೋ ಜೀರುಂಡೆಯೋ ಇರುವೆಯೋ ಕಂಡರೆ ಒಮ್ಮೆಲೇ ಇಳಿದು ಹಿಡಿದು ಮತ್ತೆ ಮೇಲೆ ಬಂದು ಕೂರುತ್ತದೆ. ಚಿಕ್ಕ ಹಲ್ಲಿ ಸಿಕ್ಕಿದರೆ ಅದನ್ನೂ ಬಿಡುವುದಿಲ್ಲ, ಕಲ್ಲಿಗೆ ಬಡಿದು ನುಂಗುತ್ತದೆ. ಹಣ್ಣುಗಳನ್ನೂ ತಿನ್ನುತ್ತದೆ. ಮನುಷ್ಯರು ಹತ್ತಿರ ಬಂದರೆ ಗಾಬರಿಯಿಂದ ಕೂಗಿ ಊರಿಗೆಲ್ಲ ಹೇಳುವ ಜಾತಿಯದಲ್ಲ. ಸದ್ದಿಲ್ಲದೆ ಕಲ್ಲಿನ ಆಚೆ ಬದಿಗೆ ಜಾರಿಕೊಳ್ಳುತ್ತದೆ. ನೀವು ಹೋದ ಮೇಲೆ ಮತ್ತೆ ಅದೇ ಕಲ್ಲಿನ ಮೇಲಿರುತ್ತದೆ.

ಕೆಂಪುಕಲ್ಲಿನ ಕೋರೆ ಅದಕ್ಕೆ ಯಾಕೆ ಇಷ್ಟ ಎಂಬುದು ಕಲ್ಲನ್ನು ನೋಡಿದರೆ ಗೊತ್ತಾಗುತ್ತದೆ. ನಾವು ಮುರಕಲ್ಲು ಎನ್ನುವ ಈ ಕಲ್ಲು ನಮ್ಮ ಮಳೆಯ ಮಗು. ಸಾವಿರಾರು ವರ್ಷಗಳ ಜೋರು ಮಳೆ ಬಂಡೆಯಲ್ಲಿದ್ದ ಸಿಲಿಕಾ ಮುಂತಾದುವನ್ನು ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಇದು ಉಂಟಾಗಿದೆ. ಅದಕ್ಕೇ ಈ ಕೆಂಪು. ನೆಲದಲ್ಲಿರುವಾಗ ಕತ್ತರಿಸುವಷ್ಟು ಮೆದು, ಗಾಳಿಗೆ ಬಂದ ಮೇಲೆ ಗಟ್ಟಿ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ತನ್ನ ಪ್ರವಾಸದ ಪುಸ್ತಕದಲ್ಲಿ ಮಲಬಾರಿನಲ್ಲಿ ಕಂಡ ಈ ಕಲ್ಲಿಗೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಕಲ್ಲಿನ ಮೈತುಂಬ ತೂತುಗಳು. ಆ ತೂತುಗಳಲ್ಲಿ ಇರುವೆ, ಜೇಡ, ಹಲ್ಲಿ. ಕೋರೆಯಲ್ಲಿ ಸಾಲು ಸಾಲಾಗಿ ಕಲ್ಲು ತೆಗೆದಾಗ ಉಳಿಯುವುದು ಮೆಟ್ಟಿಲಿನಂತಹ ಗೋಡೆ. ಹಕ್ಕಿಯ ಕಣ್ಣಿಗೆ ಅದು ಬೆಟ್ಟದ ಒಂದು ಕಡಿದಾದ ಬದಿ. ಅಡಗಲು ಸಂದು, ಕೂರಲು ತುದಿ, ತಿನ್ನಲು ಹುಳ, ಎಲ್ಲ ಒಂದೇ ಕಡೆ. ಮೂಡುಬಿದಿರೆಗೆ ಬರುವವರೆಲ್ಲ ಹತ್ತಲು ಬಯಸುವ ಕೊಣಾಜೆ ಕಲ್ಲು, ಬೆಳ್ತಂಗಡಿಯಲ್ಲಿ 1794ರ ಹೊತ್ತಿಗೆ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿದ ಜಮಲಾಬಾದಿನ ಗಡಾಯಿಕಲ್ಲು, ಇವು ದೇವರು ಕೊಟ್ಟ ಬಂಡೆಗಳು. ನಮ್ಮ ಕೋರೆ ಮನುಷ್ಯ ಮಾಡಿದ ಬಂಡೆ. ಹಕ್ಕಿ ಆ ಭೇದ ಮಾಡುವುದಿಲ್ಲ.

ಇನ್ನು ಬಣ್ಣದ ವಿಷಯ. ‘ನೀಲಿ’ ಎಂಬ ಹೆಸರು ಕೇಳಿ ಮಿಂಚುಳ್ಳಿಯಂತಹ ಹೊಳೆಯುವ ನೀಲಿಯನ್ನು ಊಹಿಸಿಕೊಂಡರೆ ನಿರಾಸೆಯಾಗುತ್ತದೆ. ಗಂಡಿನದು ಸ್ಲೇಟಿನ ಮೇಲೆ ನೀರು ಬಿದ್ದಾಗ ಕಾಣುವಂತಹ ಮಂಕು ನೀಲಿ. ರೆಕ್ಕೆ ಬಾಲ ಇನ್ನೂ ಕಪ್ಪು. ಮೋಡದ ದಿನ, ಅಥವಾ ಸೂರ್ಯ ಹಿಂದೆ ಇದ್ದಾಗ, ಪೂರ್ತಿ ಕಪ್ಪು ಹಕ್ಕಿಯಂತೆಯೇ ಕಾಣುತ್ತದೆ. ಬೆಳಗಿನ ಬಿಸಿಲು ನೇರವಾಗಿ ಬಿದ್ದ ಕ್ಷಣ ಮಾತ್ರ ನೀಲಿ ಹೊರಗೆ ಬರುತ್ತದೆ. ನಮ್ಮ ಜೀವಶಾಸ್ತ್ರ ಉಪನ್ಯಾಸಕರು ಹೇಳುವಂತೆ ಹಕ್ಕಿಗಳ ಗರಿಯ ನೀಲಿ ಸಾಮಾನ್ಯವಾಗಿ ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಕಣ್ಣಿಗೆ ನೀಲಿಯಾಗಿ ಕಾಣುತ್ತದೆ. ನೀಲಿ ಗರಿಯನ್ನು ಅರೆದು ಪುಡಿ ಮಾಡಿದರೆ ನೀಲಿ ಪುಡಿ ಸಿಗುವುದಿಲ್ಲ. ಭೌತಶಾಸ್ತ್ರದ ಪಾಠ ಕಲ್ಲಿನ ಮೇಲೆ ಬಂದು ಕೂತಿದೆ ಎಂದುಕೊಂಡರೂ ತಪ್ಪಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು ಬಣ್ಣ ಬದಲಿಸುವ ರೀತಿ. ಅಕ್ಟೋಬರಿನಲ್ಲಿ ಗಂಡು ಹಕ್ಕಿ ಬರುವಾಗ ಅದರ ಗರಿಗಳು ಹೊಸತು. ಪ್ರತಿ ಗರಿಯ ಅಂಚಿಗೂ ಒಂದು ಮಂಕಾದ ಬಿಳಿಯಂಚು, ಅದರ ಒಳಗೊಂದು ಕಪ್ಪು ಗೆರೆ. ಹಾಗಾಗಿ ಒಟ್ಟು ಹಕ್ಕಿ ಬೂದಿ ಹಚ್ಚಿದಂತೆ ಕಾಣುತ್ತದೆ. ಚಳಿಗಾಲ ಕಳೆದಂತೆ ಆ ಅಂಚುಗಳು ಸವೆಯುತ್ತವೆ. ಮಾರ್ಚ್ ಹೊತ್ತಿಗೆ ಅಂಚು ಉದುರಿ ಅಡಿಯ ನೀಲಿ ಶುದ್ಧವಾಗಿ ಕಾಣುತ್ತದೆ. ಎಂದರೆ ಅದು ಮದುವೆಯ ಕಾಲಕ್ಕೆ ಹೊಸ ಅಂಗಿ ಹೊಲಿಸುವುದಿಲ್ಲ. ಹಾಕಿಕೊಂಡ ಅಂಗಿಯೇ ಕಲ್ಲಿಗೆ ಗಾಳಿಗೆ ಸವೆದು ಸವೆದು ಚಂದವಾಗುತ್ತದೆ.

ನಮ್ಮ ಕೋರೆಗೆ ಬರುವುದು ಮಾತ್ರ ಗಂಡಲ್ಲ, ಹೆಣ್ಣು. ಹೆಣ್ಣಿನಲ್ಲಿ ಹೇಳಿಕೊಳ್ಳುವಂತಹ ನೀಲಿಯೇ ಇಲ್ಲ. ಬೆನ್ನು ಬೂದುಗಂದು, ಎದೆ ಹೊಟ್ಟೆಯ ಮೇಲೆ ಮೀನಿನ ಹುರುಪೆಯಂತೆ ಸಣ್ಣ ಸಣ್ಣ ಗೆರೆ. ಕಲ್ಲಿನ ಮೇಲೆ ಕೂತರೆ ಕಲ್ಲಿನ ಒಂದು ತುಂಡು. ಪುಸ್ತಕಗಳಲ್ಲಿ ಗಂಡಿನ ಚಿತ್ರ ದೊಡ್ಡದು, ಹೆಣ್ಣಿನದು ಹಿಂದೆ, ಚಿಕ್ಕದು. ಹೆಸರು ಕೂಡ ಗಂಡಿನ ಬಣ್ಣದ್ದೇ. ಆದರೆ ಉತ್ತರದ ಬೆಟ್ಟದಿಂದ ಇಲ್ಲಿಗೆ ಬರುವ ದಾರಿ ಇಬ್ಬರಿಗೂ ಅಷ್ಟೇ ಉದ್ದ. ಹೆಣ್ಣು ಗಂಡಿನ ಹಿಂದೆ ಬರುವುದಿಲ್ಲ, ಜೊತೆಯಲ್ಲೂ ಇರುವುದಿಲ್ಲ. ತನ್ನ ಕೋರೆಯನ್ನು ತಾನೇ ಹುಡುಕಿಕೊಳ್ಳುತ್ತದೆ, ತಾನೇ ಕಾಯುತ್ತದೆ. ಚಳಿಗಾಲದಲ್ಲಿ ಪ್ರತಿ ಹಕ್ಕಿಗೂ ಅದರದ್ದೇ ಆದ ಗಡಿ. ತನ್ನ ಜಾತಿಯ ಇನ್ನೊಂದು ಬಂದರೆ ಓಡಿಸುತ್ತದೆ. ನನ್ನ ತರಗತಿಯ ಗೆಳತಿಯರಿಗೆ ಇದನ್ನು ಹೇಳಿದಾಗ ಒಬ್ಬಳು, “ಹಾಗಾದರೆ ಕೋರೆ ಅವಳ ಹೆಸರಿನಲ್ಲೇ ಇದೆ” ಎಂದಳು. ಹೌದು, ಆರು ತಿಂಗಳ ಮಟ್ಟಿಗೆ.

ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಬೇಕು. ಈ ಜಾತಿಯ ಹರಹು ಬಹಳ ದೊಡ್ಡದು. ದಕ್ಷಿಣ ಯುರೋಪ್, ಉತ್ತರ ಆಫ್ರಿಕಾದಿಂದ ಹಿಡಿದು ಮಧ್ಯ ಏಷ್ಯಾ, ಹಿಮಾಲಯ, ಚೀನಾ, ಜಪಾನಿನವರೆಗೆ ಇದು ಮರಿ ಮಾಡುತ್ತದೆ. ಭಾರತದ ದಕ್ಷಿಣಕ್ಕೆ ಚಳಿಗಾಲ ಕಳೆಯಲು ಬರುವವು ಹಿಮಾಲಯ ಮತ್ತು ಅದರಾಚೆಯ ಬೆಟ್ಟಗಳ ಪಾಂಡು ಎಂಬ ಉಪಜಾತಿಯವು. ಈ ಹೆಸರನ್ನು ಇಟ್ಟದ್ದು 1832ರಲ್ಲಿ ಸೈಕ್ಸ್ ಎಂಬ ಸೈನ್ಯಾಧಿಕಾರಿ, ದಖ್ಖನ್ನಿನಲ್ಲಿ ಕಂಡ ಹಕ್ಕಿಗೆ. ಬೇಸಿಗೆಯಲ್ಲಿ ಬೆಟ್ಟದ ಕಲ್ಲಿನ ಬಿರುಕಿನಲ್ಲಿ ಹುಲ್ಲು ಬೇರುಗಳ ಬಟ್ಟಲಿನಂತಹ ಗೂಡು ಕಟ್ಟಿ ಮೂರರಿಂದ ಐದು ತಿಳಿನೀಲಿ ಮೊಟ್ಟೆ ಇಡುತ್ತದೆ. ಸುಮಾರು ಎರಡು ವಾರ ಕಾವು ಕೊಡುವುದು ಹೆಣ್ಣು. ಮರಿಗಳಿಗೆ ತಿನ್ನಿಸುವುದು ಇಬ್ಬರೂ. ಚಳಿ ಶುರುವಾಗುವಾಗ ದಕ್ಷಿಣಕ್ಕೆ ಹೊರಡುತ್ತವೆ. ಹಿಮಾಚಲದಿಂದ ನಮ್ಮೂರಿಗೆ ನೇರ ಗೆರೆ ಎಳೆದರೂ ಸುಮಾರು 2000 ಕಿಲೋಮೀಟರ್. ಆ ವರ್ಷವಷ್ಟೇ ಹುಟ್ಟಿದ ಮರಿಗೂ ಇದೇ ಪ್ರಯಾಣ. ನಾವು ಮೊದಲ ಸಲ ಒಬ್ಬರೇ ಬಸ್ಸು ಹತ್ತುವಾಗ ಉಮ್ಮ ಹತ್ತು ಸಲ ಫೋನ್ ಮಾಡುತ್ತಾರೆ.

ಇನ್ನೂ ಆಶ್ಚರ್ಯದ ವಿಷಯವೆಂದರೆ ಚಳಿಗಾಲಕ್ಕೆ ಬರುವ ಇಂಥ ಹಕ್ಕಿಗಳು ಹಿಂದಿನ ವರ್ಷ ಕೂತ ಜಾಗಕ್ಕೇ ಮತ್ತೆ ಬರುವುದುಂಟು. ಇಷ್ಟು ದೊಡ್ಡ ದೇಶ ದಾಟಿ ಒಂದು ಊರು, ಆ ಊರಿನಲ್ಲಿ ಒಂದು ಕೋರೆ, ಆ ಕೋರೆಯಲ್ಲಿ ಒಂದು ಕಲ್ಲು. ನಮ್ಮ ಮನೆಗೆ ಮೊದಲ ಸಲ ಬರುವ ನೆಂಟರಿಗೆ ಲೊಕೇಶನ್ ಕಳಿಸಿದರೂ ಅವರು ಎರಡು ಸಲ ದಾರಿ ಕೇಳುತ್ತಾರೆ.

ಲೋಕದ ಬೇರೆ ಕಡೆಗಳಲ್ಲಿ ಈ ಹಕ್ಕಿಗೆ ಸಿಕ್ಕ ಮರ್ಯಾದೆ ನೋಡಿದರೆ ನಮ್ಮ ಕೋರೆಯ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಗುತ್ತದೆ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದೇಶಕ್ಕೆ ಇದು ರಾಷ್ಟ್ರಪಕ್ಷಿ. 2008ರಲ್ಲಿ ಅಲ್ಲಿ ಯೂರೋ ಬರುವ ಮೊದಲು ಒಂದು ಲೀರಾ ನಾಣ್ಯದ ಮೇಲೆ ಇದರ ಚಿತ್ರವಿತ್ತು. ಮಾಲ್ಟಾದ ಭಾಷೆ ಅರಬ್ಬಿಯಿಂದ ಬೆಳೆದದ್ದು, ಆ ಭಾಷೆಯಲ್ಲಿ ಇದನ್ನು ಮೆರಿಲ್ ಎನ್ನುತ್ತಾರೆ. ಜಪಾನಿನಲ್ಲಿ ಇದು ಕಡಲ ತೀರದ ಬಂಡೆಗಳ ಹಕ್ಕಿಯಾಗಿತ್ತು, ಈಗ ಪಟ್ಟಣಗಳ ಒಳಗೆ ಬಂದು ಕಾಂಕ್ರೀಟ್ ಕಟ್ಟಡಗಳಲ್ಲಿ ಗೂಡು ಕಟ್ಟುತ್ತಿದೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಒರೆಗಾನ್ ಕಡಲತೀರದಲ್ಲಿ ಜಲಪಾತದ ಫೋಟೋ ತೆಗೆಯಲು ಹೋಗಿದ್ದ ಒಬ್ಬ ಶಾಲಾ ಶಿಕ್ಷಕರ ಕ್ಯಾಮೆರಾಕ್ಕೆ ಈ ಹಕ್ಕಿ ಸಿಕ್ಕಿತು. ಏಷ್ಯಾದ ಹಕ್ಕಿ ಪೆಸಿಫಿಕ್ ಸಾಗರದ ಆಚೆ ದಡದಲ್ಲಿ ಹೇಗೆ ಬಂತು ಎಂದು ಅಲ್ಲಿನ ಪಕ್ಷಿಪ್ರಿಯರಲ್ಲಿ ದೊಡ್ಡ ಸುದ್ದಿಯಾಯಿತು. ಆ ಸುದ್ದಿ ಓದಿದ ದಿನ ನಾನು ಉಪ್ಪನಿಗೆ ಹೇಳಿದೆ. “ನಮ್ಮ ಮೇಸ್ತ್ರಿ ಅಮೆರಿಕಕ್ಕೂ ಹೋದನಾ?” ಎಂದರು.

ಇದಕ್ಕೆ ನಮ್ಮ ಊರಲ್ಲೇ ಒಬ್ಬ ನೆಂಟನಿದ್ದಾನೆ. ಘಟ್ಟದ ಬುಡದ ಹೊಳೆಗಳಲ್ಲಿ, ಚಾರ್ಮಾಡಿ, ಕುದುರೆಮುಖದ ಕಡೆ, ಬೆಳಕು ಹರಿಯುವ ಮೊದಲೇ ಯಾರೋ ಹುಡುಗ ಸೋಮಾರಿಯಾಗಿ ರಾಗವಿಲ್ಲದ ಸಿಳ್ಳೆ ಹಾಕಿದಂತೆ ಕೇಳಿಸುತ್ತದಲ್ಲ, ಅದು ಮಲಬಾರ್ ಸಿಳ್ಳಾರ. ಇಂಗ್ಲಿಷಿನಲ್ಲಿ ಅದಕ್ಕೆ ‘ಸಿಳ್ಳೆ ಹೊಡೆಯುವ ಶಾಲಾ ಹುಡುಗ’ ಎಂಬ ಅಡ್ಡಹೆಸರೂ ಇದೆ. ಅದೂ ಕಲ್ಲನ್ನೇ ನಂಬಿದ ಹಕ್ಕಿ. ನೀರು ಧುಮುಕುವ ಬಂಡೆಯ ಅಂಚಿನಲ್ಲಿ ಬೇರು, ಪಾಚಿ, ಮಣ್ಣಿನಿಂದ ಗೂಡು ಕಟ್ಟುತ್ತದೆ. ಆದರೆ ಅದು ಇಲ್ಲಿಯದೇ ನಿವಾಸಿ, ಮಳೆಗಾಲದಲ್ಲೇ ಅದರ ಹಾಡಿನ ಭರಾಟೆ. ನಮ್ಮ ಬಂಡೆ ಸಿಳ್ಳಾರ ಹೆಚ್ಚುಕಡಿಮೆ ಮೌನಿ. ಹೊರಡುವ ದಿನಗಳು ಹತ್ತಿರ ಬಂದಾಗ ಮಾತ್ರ ತನ್ನಷ್ಟಕ್ಕೇ ಮೆಲ್ಲಗೆ ಹಾಡಿಕೊಳ್ಳುವುದುಂಟಂತೆ. ಮೊದಲು ಇವೆರಡನ್ನೂ ಥ್ರಶ್‌ಗಳ ಕುಟುಂಬದಲ್ಲಿ ಇಟ್ಟಿದ್ದರು. ಡಿಎನ್‌ಎ ಪರೀಕ್ಷೆಗಳು ಬಂದ ಮೇಲೆ ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಿದ್ದಾರೆ. ನಮ್ಮ ಅಂಗಳದ ಮಡಿವಾಳ ಹಕ್ಕಿ ಕೂಡ ಅದೇ ಕುಟುಂಬದ್ದು.

ಈಗ ನಾನು ಇದನ್ನೆಲ್ಲ ಬರೆಯಲು ಕಾರಣ ಹೇಳುತ್ತೇನೆ. ನಮ್ಮ ಮನೆಯ ಹಿಂದಿನ ಕೋರೆಯನ್ನು ಮುಚ್ಚುತ್ತಿದ್ದಾರೆ. ಡಿಸೆಂಬರಿನಿಂದ ಲಾರಿಯಲ್ಲಿ ಮಣ್ಣು ಬರುತ್ತಿದೆ. ಮುಕ್ಕಾಲು ಭಾಗ ತುಂಬಿಯಾಗಿದೆ. ಸಮತಟ್ಟು ಮಾಡಿ ಮನೆ ಸೈಟು ಮಾಡುತ್ತಾರಂತೆ. ಮಣ್ಣು ಹಾಕುವ ಕೆಲಸದಲ್ಲಿ ನನ್ನ ಉಪ್ಪನೂ ಇದ್ದಾರೆ. ನನ್ನ ಕಾಲೇಜಿನ ಫೀಸಿನಲ್ಲಿ ಆ ಕೋರೆ ತೆರೆದದ್ದರ ಕೂಲಿಯೂ ಇದೆ, ಮುಚ್ಚುವುದರ ಕೂಲಿಯೂ ಇದೆ.

ಕೋರೆ ಮುಚ್ಚುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ನೀರು ತುಂಬಿದ ಹಳೇ ಕೋರೆಗಳು ಎಷ್ಟು ಅಪಾಯ ಎಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಈಜಲು ಹೋದ ಮಕ್ಕಳು ವಾಪಸು ಬಾರದ ಸುದ್ದಿಯನ್ನು ನಾವು ಪ್ರತಿ ವರ್ಷವೆಂಬಂತೆ ಓದುತ್ತೇವೆ. ಚಿಕ್ಕ ತಮ್ಮನಿರುವ ಮನೆಯವಳಾಗಿ ಆ ಹೊಂಡ ಮುಚ್ಚುವುದು ನನಗೂ ಸಮಾಧಾನವೇ. ಮನೆ ಇಲ್ಲದವರಿಗೆ ಸೈಟು ಬೇಕು ಎಂಬುದೂ ನಿಜ. ಆದರೆ ಹೊಂಡ ಬೇರೆ, ಗೋಡೆ ಬೇರೆ. ಕೋರೆಯ ಉತ್ತರದ ಬದಿಯಲ್ಲಿ ಗುಡ್ಡೆಗೆ ತಾಗಿಕೊಂಡು ಒಂದು ಎತ್ತರದ ಗೋಡೆ ಇದೆ. ಹೊಂಡ ತುಂಬಿದ ಮೇಲೂ ಅದು ಆಳೆತ್ತರಕ್ಕಿಂತ ಹೆಚ್ಚು ಉಳಿಯುತ್ತದೆ. ಅದನ್ನು ಜೆಸಿಬಿಯಿಂದ ತಗ್ಗಿಸದೆ ಹಾಗೆಯೇ ಬಿಟ್ಟರೆ ಸೈಟಿಗೆ ನಷ್ಟವಿಲ್ಲ, ಗುಡ್ಡೆಯೂ ಜರಿಯುವುದಿಲ್ಲ. ಇದನ್ನು ಉಪ್ಪನ ಹತ್ತಿರ ಹೇಳಿದೆ. ಉಪ್ಪ ಜಾಗದ ಯಜಮಾನರ ಹತ್ತಿರ ಹೇಳಿದರು. ಅವರು, “ಹಕ್ಕಿಗೋಸ್ಕರವಾ?” ಎಂದು ನಕ್ಕರಂತೆ. ಆಮೇಲೆ, “ಗುಡ್ಡೆ ಜರಿಯುವುದಿಲ್ಲ ಅಂದರೆ ನೋಡುವ” ಎಂದರಂತೆ. ನಮ್ಮೂರಿನಲ್ಲಿ ‘ನೋಡುವ’ ಎಂದರೆ ಇಲ್ಲ ಎಂದೂ ಆಗಬಹುದು, ಹೌದು ಎಂದೂ ಆಗಬಹುದು. ನಾನು ಹೌದು ಎಂದೇ ತಿಳಿದುಕೊಂಡಿದ್ದೇನೆ.

ಲಾರಿಗಳ ಸದ್ದು ಶುರುವಾದ ಮೇಲೆ ಹಕ್ಕಿ ಎರಡು ವಾರ ಕಾಣಲಿಲ್ಲ. ಜನವರಿಯಲ್ಲಿ ಒಂದು ಶುಕ್ರವಾರ, ಕೆಲಸಕ್ಕೆ ರಜೆ ಇದ್ದ ಹೊತ್ತು, ರಸ್ತೆಯ ಆಚೆ ಅರ್ಧಕ್ಕೆ ನಿಂತ ಮನೆಯ ಕಂಬದ ತುದಿಯಲ್ಲಿ ಕೂತಿತ್ತು. ಆ ಮನೆಗೆ ಕಿಟಕಿ ಬಾಗಿಲು ಇಲ್ಲ. ಒಳಗೆ ಕತ್ತಲೆ, ಗೋಡೆ ಬರೀ ಕೆಂಪುಕಲ್ಲು. ನಮ್ಮ ಕಣ್ಣಿಗೆ ಅದು ಮುಗಿಯದ ಮನೆ. ಅದಕ್ಕೆ ಮಾತ್ರ ಅದು ಮುಗಿದ ಬಂಡೆ. ಆ ಮನೆಯವರು ಈ ವರ್ಷ ಊರಿಗೆ ಬಂದು ಕೆಲಸ ಮುಗಿಸುತ್ತಾರೆ ಎಂದು ಅವರ ತಾಯಿ ಹೇಳುತ್ತಿದ್ದರು. ಅವರ ಮನೆ ಮುಗಿಯಲಿ ಎಂದು ನಾನೂ ದುಆ ಮಾಡುತ್ತೇನೆ. ಅಷ್ಟರೊಳಗೆ ಹಕ್ಕಿಗೂ ಇನ್ನೊಂದು ಕಡೆ ಸಿಗಲಿ ಎಂದೂ ಸೇರಿಸುತ್ತೇನೆ. ಎರಡು ದುಆ ಒಟ್ಟಿಗೆ ಮಾಡಬಾರದು ಎಂದೇನೂ ಇಲ್ಲವಲ್ಲ.

ಹಕ್ಕಿಗಳೂ ನಮ್ಮ ಹಾಗೆ ಸಮುದಾಯಗಳೇ ಎಂಬ ಅರ್ಥದ ಮಾತು ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದಲ್ಲಿ ಬರುತ್ತದೆ. ಮದ್ರಸದಲ್ಲಿ ಇದನ್ನು ಕಲಿಯುವಾಗ ನನಗೆ ಕಾಗೆಗಳು, ಗಿಳಿಗಳು ಕಣ್ಣ ಮುಂದೆ ಬರುತ್ತಿದ್ದವು. ಗುಂಪಿನಲ್ಲಿರುವವುಗಳೇ ಸಮುದಾಯ ಎಂದಲ್ಲವೇ ನಾವು ತಿಳಿಯುವುದು? ಒಂಟಿಯಾಗಿ ಬಂದು ಒಂಟಿಯಾಗಿ ಹೋಗುವ ಈ ಹಕ್ಕಿಯನ್ನು ನೋಡಿದ ಮೇಲೆ ಆ ಮಾತಿನ ಅಗಲ ನನಗೆ ಬೇರೆಯೇ ಆಗಿ ಕಂಡಿತು. ಮಾಲ್ಟಾದ ಬಂಡೆಯ ಮೇಲೊಂದು, ಹಿಮಾಲಯದ ಬಿರುಕಿನಲ್ಲೊಂದು, ಶಿರ್ತಾಡಿಯ ಕೋರೆಯಲ್ಲೊಂದು, ಒಂದಕ್ಕೊಂದು ದೂರ ಕೂತೇ ಅವು ಒಂದು ಸಮುದಾಯ. ನಮ್ಮ ತರಗತಿಯಲ್ಲೂ ಇಂಟರ್ವಲ್ ಹೊತ್ತಿಗೆ ಒಬ್ಬರೇ ಕೂರುವವರಿದ್ದಾರೆ. ಅವರನ್ನು ನೋಡಿ ‘ಪಾಪ’ ಎನ್ನುವವರು ಬಹಳ. ಎಲ್ಲರೂ ಪಾಪವಲ್ಲ. ಕೆಲವರಿಗೆ ತಮ್ಮ ಕಲ್ಲು ಯಾವುದು ಎಂದು ಗೊತ್ತಿರುತ್ತದೆ, ಅಷ್ಟೇ.

ಹಕ್ಕಿ ನೋಡುವುದು ದುಡ್ಡಿರುವವರ ಹವ್ಯಾಸ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಡಾ. ಸಲೀಂ ಅಲಿಯವರ ಕಥೆ ನಮಗೆಲ್ಲ ಗೊತ್ತಿರಬೇಕಾದದ್ದು. 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಎಳೆತನದಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದರು. ಹುಡುಗನಾಗಿದ್ದಾಗ ಅವರು ಹೊಡೆದ ಒಂದು ಗುಬ್ಬಚ್ಚಿಯ ಕತ್ತಿನಲ್ಲಿ ಹಳದಿ ಗುರುತು ಇತ್ತು. ಇದು ಸಾಧಾರಣ ಗುಬ್ಬಿಯಲ್ಲ, ಮುಸ್ಲಿಮರು ತಿನ್ನಬಹುದೋ ಇಲ್ಲವೋ ಎಂಬ ಸಂಶಯದಿಂದ ಮಾವನ ಹತ್ತಿರ ಓಡಿದರು. ಮಾವನಿಗೂ ಗೊತ್ತಾಗದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲಾರ್ಡ್ ಅವರ ಬಳಿಗೆ ಕಳಿಸಿದರು. ಒಂದು ಸಣ್ಣ ಸಂಶಯ ಅವರನ್ನು ದೇಶದ ದೊಡ್ಡ ಪಕ್ಷಿತಜ್ಞರನ್ನಾಗಿ ಮಾಡಿತು. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲಿದ್ದದ್ದರಿಂದ ಆ ಸಮೀಕ್ಷೆಯೊಳಗೆ ಬರಲಿಲ್ಲ. ಹಾಗಾಗಿ ನಮ್ಮ ಊರಿನ ಹಕ್ಕಿಗಳನ್ನು ಬರೆದಿಡುವ ಕೆಲಸ ನಮಗೂ ಸ್ವಲ್ಪ ಉಳಿದಿದೆ ಎಂದು ನಾನು ತಮಾಷೆಗೆ ಹೇಳುವುದುಂಟು.

ಇದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ವರ್ಷ ಫೆಬ್ರವರಿಯಲ್ಲಿ ದೇಶದ ಬಹಳಷ್ಟು ಕಾಲೇಜುಗಳಲ್ಲಿ ಕ್ಯಾಂಪಸ್ ಬರ್ಡ್ ಕೌಂಟ್ ನಡೆಯುತ್ತದೆ. ಕನಿಷ್ಠ ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿಗಳ ಹೆಸರು, ಸಂಖ್ಯೆ ಬರೆದು ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದರೆ ಮುಗಿಯಿತು. ಮುಂದಿನ ವರ್ಷ ನಮ್ಮ ಕಾಲೇಜೂ ಸೇರಬಹುದು ಎಂದು ಉಪನ್ಯಾಸಕರು ಹೇಳಿದ್ದಾರೆ. ದ್ವಿತೀಯ ಪಿಯುಸಿ ಮುಗಿಸಿ ಹೋಗುವ ನಾವು ಇರುವುದಿಲ್ಲ, ಪ್ರಥಮ ವರ್ಷದವರು ಇದನ್ನು ನೆನಪಿಟ್ಟುಕೊಳ್ಳಿ. ಬಂಡೆ ಸಿಳ್ಳಾರವನ್ನು ಹುಡುಕುವವರಿಗೆ ಎರಡು ಮಾತು. ಕೋರೆಯ ಅಂಚಿಗೆ ಹೋಗಬೇಡಿ, ಮಳೆ ನಿಂತ ಮೇಲೂ ಆ ಮಣ್ಣು ಜರಿಯುತ್ತದೆ. ರಸ್ತೆಯಿಂದಲೇ ನೋಡಿ. ಹಕ್ಕಿ ಅತಿ ಎತ್ತರದ ಕಲ್ಲು, ಮಾಡಿನ ಕೋಡಿ, ಕಂಬದ ತುದಿಯಲ್ಲೇ ಕೂರುವುದರಿಂದ ರಸ್ತೆಗೂ ಕಾಣುತ್ತದೆ. ಎರಡನೆಯದು, ಫೋಟೋ ಬೇಕೆಂದು ಅಟ್ಟಿಸಿಕೊಂಡು ಹೋಗಬೇಡಿ. ದೂರದ ಪ್ರಯಾಣದವರಿಗೆ ತಿಂದ ಪ್ರತಿ ಹುಳವೂ ದಾರಿಯ ಬುತ್ತಿ.

ಇದು ಮಾರ್ಚ್ ತಿಂಗಳು. ನಮಗೆ ಪಬ್ಲಿಕ್ ಪರೀಕ್ಷೆ, ಅದಕ್ಕೆ ಹೊರಡುವ ತಯಾರಿ. ಏಪ್ರಿಲ್ ಮುಗಿಯುವುದರೊಳಗೆ ಅದು ಒಂದು ರಾತ್ರಿ ಯಾರಿಗೂ ಹೇಳದೆ ಉತ್ತರಕ್ಕೆ ಹೋಗುತ್ತದೆ. ನಾನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಕ್ಟೋಬರ್ ಎಂದು ಬರೆದು ಅದರ ಮುಂದೆ ಜಾಗ ಬಿಟ್ಟಿದ್ದೇನೆ. ಆಗ ನಾನು ಯಾವ ಕಾಲೇಜಿನಲ್ಲಿರುತ್ತೇನೋ ಗೊತ್ತಿಲ್ಲ. ದೂರದ ಹಾಸ್ಟೆಲಿನಲ್ಲಿದ್ದರೆ ಆ ಜಾಗವನ್ನು ತುಂಬುವ ಕೆಲಸವನ್ನು ಉಪ್ಪ ಒಪ್ಪಿಕೊಂಡಿದ್ದಾರೆ. “ಮೇಸ್ತ್ರಿ ಬಂದರೆ ಫೋನ್ ಮಾಡ್ತೇನೆ. ಆದರೆ ಗೋಡೆ ಇರಬೇಕಲ್ಲ” ಎಂದರು. ಮರುದಿನ ಕೆಲಸಕ್ಕೆ ಹೋದವರು ಸಂಜೆ ಬಂದು, ಉತ್ತರದ ಬದಿಗೆ ಮಣ್ಣು ಹಾಕುವುದು ಕೊನೆಗೆ ಎಂದು ಡ್ರೈವರಿಗೆ ಹೇಳಿದ್ದೇನೆ ಎಂದರು.